ಕುಂಟಾದ ನಾಯಿ ಎತ್ತುಗಳಿಗೆ ಅಂಗಸಾಧನೆಯ ಉಪಚಾರ

ಒಕ್ಕಲಿಗನ ಎತ್ತು ಕುಂಟಿದರೆ ಊರೆಲ್ಲ ವಿಚಾರಿಸುವುದುಂಟು. ನಾಯಿ ಕುಂಟಿದರೆ ಕೇಳುವವರು ವಿರಳ. ಆದರೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ತಾಲೂಕುಗಳಲ್ಲಿ ನಾಯಿಯು ಬರಿಯ ಹಿತ್ತಲು ಕಾಯುವ ಪ್ರಾಣಿಯಲ್ಲ. ಸುಗ್ಗಿ ಮುಗಿದ ಮೇಲೆ ಕುರಿಗಾರರು ಜಮೀನುದಾರರ ಹೊಲಗಳಲ್ಲಿ ರಾತ್ರಿ ಹಿಂಡು ನಿಲ್ಲಿಸುವರು. ಹಿಕ್ಕೆ ಗಂಜಲಗಳಿಂದ ಹೊಲಕ್ಕೆ ಸಾರ ಬರುವುದು. ಆ ಹಿಂಡಿಗೆ ರಾತ್ರಿಯೆಲ್ಲ ಕಾವಲು ನಾಯಿಯೇ. 1974ರಲ್ಲಿ ಕೃಷ್ಣಮೃಗಗಳ ರಕ್ಷಣೆಗಾಗಿ ಏರ್ಪಟ್ಟ ರಾಣೇಬೆನ್ನೂರಿನ ಅಭಯಾರಣ್ಯದ ಸುತ್ತಲಿನ ಊರುಗಳಲ್ಲಿ ತೋಳದ ಭಯವುಂಟಾದುದರಿಂದ ಒಳ್ಳೆಯ ನಾಯಿಯ ಬೆಲೆಯನ್ನು ಕುರಿಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಂಥ ನಾಯಿಯು ಕಾಲು ಕಳೆದುಕೊಂಡರೆ ಹಿಂಡೂ ಹೊಲವೂ ಕೂಡಿಯೇ ನಷ್ಟವನ್ನು ಹೊಂದುವುವು.

ಪುಣೆ-ಬೆಂಗಳೂರು ಹೆದ್ದಾರಿಯು ಹಾವೇರಿ, ಮೋಟೆಬೆನ್ನೂರು, ರಾಣೇಬೆನ್ನೂರುಗಳನ್ನು ಹಾದುಹೋಗುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಸುಗ್ಗಿಯಲ್ಲಿ ಮಾಲು ಹೊತ್ತ ವಾಹನಗಳು ಹಗಲಿರುಳೂ ಸಂಚರಿಸುವುವು. ವಾಹನದ ಪೆಟ್ಟು, ಎರೆಹೊಲದ ಕೆಸರಿನಲ್ಲಿ ಕಾಲು ಉಳುಕುವುದು, ಬಾವಿಯ ಕಟ್ಟೆಯಿಂದ ಬೀಳುವುದು, ಇವೇ ಕುಂಟುತನಕ್ಕೆ ಹೆಚ್ಚಾಗಿ ಕಾರಣಗಳು. ಮೂಳೆ ಕೂಡಿದ ಮೇಲೆಯೂ ಎಷ್ಟೋ ನಾಯಿಗಳು ಜೀವಮಾನವೆಲ್ಲ ಮೂರೇ ಕಾಲಿನಲ್ಲಿ ಕುಪ್ಪಳಿಸುತ್ತಿರುವುದು ಕಾಣಬರುತ್ತದೆ. ಮೂಳೆ ಕೂಡಿದರೂ ಸ್ನಾಯುವೂ ಕೀಲೂ ಮರಳಿ ಸಾಧನೆಗೊಳ್ಳದಿರುವುದೇ ಇದಕ್ಕೆ ಬಹುತರ ಕಾರಣ. ಈ ಸಾಧನೆಯನ್ನು ಮಾಡಿಸುವ ಕ್ರಮವು ಬೆಲೆಯುಳ್ಳ ಯಂತ್ರಗಳನ್ನು ಬೇಡುವುದಿಲ್ಲ. ನಿತ್ಯದ ತಾಳ್ಮೆಯನ್ನು ಬೇಡುತ್ತದೆ. ಅದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

1. ಅಂಗಸಾಧನೆಯು ಏಕೆ ಬೇಕು

ಗರಡಿಗೆ ಹೋಗುವುದನ್ನು ಬಿಟ್ಟ ಜಟ್ಟಿಯ ತೊಡೆಯು ಕೆಲವು ತಿಂಗಳಲ್ಲಿ ಇಳಿದುಹೋಗುವುದನ್ನು ಎಲ್ಲರೂ ಬಲ್ಲರು. ಪ್ರಾಣಿಗಳ ಶರೀರಕ್ಕೂ ಇದೇ ನಿಯಮ. ಕಟ್ಟು ಹಾಕಿದ ಕಾಲು ಅಲುಗಾಡದೆ ಇದ್ದರೆ ಕೆಲವೇ ವಾರಗಳಲ್ಲಿ ಸ್ನಾಯುಗಳು ಸೊರಗುವುವು. ಕೀಲಿನ ಸುತ್ತಲಿನ ಪೊರೆಯು ಬಿಗಿದುಕೊಳ್ಳುವುದು. ಕೀಲಿನೊಳಗಿನ ಮೃದು ಎಲುಬಿಗೆ ಆಹಾರವನ್ನೊದಗಿಸುವ ರಸವು ಚಲನೆಯಿಂದಲೇ ಹರಡತಕ್ಕದ್ದಾದುದರಿಂದ ಆ ಮೃದು ಎಲುಬೂ ಕೃಶವಾಗುವುದು. ಆರೋಗ್ಯವಂತ ನಾಯಿಯು ನಿಂತಾಗ ತನ್ನ ಭಾರದ 100ಕ್ಕೆ ಸುಮಾರು 60 ಪಾಲನ್ನು ಮುಂಗಾಲುಗಳ ಮೇಲೆಯೂ 40 ಪಾಲನ್ನು ಹಿಂಗಾಲುಗಳ ಮೇಲೆಯೂ ಇಡುತ್ತದೆ. ಒಂದು ಹಿಂಗಾಲು ನೊಂದರೆ ಆ ಪಾಲನ್ನು ಉಳಿದ ಕಾಲುಗಳು ಹೊರುವುವು. ನೋವು ಹೋದ ಮೇಲೆಯೂ ನಾಯಿಯು ಅದೇ ರೂಢಿಯನ್ನು ಮುಂದುವರಿಸುವುದರಿಂದ ಸೊರಗಿದ ಕಾಲು ಮತ್ತಷ್ಟು ಸೊರಗುವುದು. ಈ ಸುಳಿಯನ್ನು ಮುರಿಯುವುದೇ ಉಪಚಾರದ ಉದ್ದೇಶ.

ಮನುಷ್ಯರಿಗಾಗಿ ಬೆಳೆದುಬಂದ ಈ ಶಾಸ್ತ್ರವನ್ನು ಪಾಶ್ಚಾತ್ಯ ದೇಶಗಳಲ್ಲಿ ಮೊದಲು ಕುದುರೆಗಳಿಗೂ ತರುವಾಯ ನಾಯಿಗಳಿಗೂ ಅನ್ವಯಿಸಿದರು. ಅಮೇರಿಕೆಯಲ್ಲಿ 2010ರಲ್ಲಿ ಇದು ಪಶುವೈದ್ಯದ ಪ್ರತ್ಯೇಕ ವಿಶೇಷ ಶಾಖೆಯೆಂದು ಅಂಗೀಕೃತವಾಯಿತು. ಅಲ್ಲಿ ಗಾಜಿನ ತೊಟ್ಟಿಯೊಳಗೆ ನೀರು ತುಂಬಿಸಿ, ತಳದಲ್ಲಿ ತಿರುಗುವ ಪಟ್ಟೆಯ ಮೇಲೆ ನಾಯಿಯನ್ನು ನಡೆಯಿಸುವರು. ಹಳ್ಳಿಯಲ್ಲಿ ಆ ತೊಟ್ಟಿಯ ಕೆಲಸವನ್ನು ಕೆರೆಯ ಇಳಿಜಾರು ಮಾಡಬಲ್ಲದೆಂಬುದು ಮುಂದೆ ತಿಳಿದುಬರುವುದು.

2. ಉಪಚಾರಕ್ಕೆ ಮುಂಚೆ ನೋಡತಕ್ಕ ಸಂಗತಿಗಳು

ಕುಂಟುವ ಪ್ರಾಣಿಯನ್ನು ಕಂಡೊಡನೆ ತಿಕ್ಕಲು ತೊಡಗಬಾರದು. ಕೆಲವು ಕುಂಟುತನಗಳಲ್ಲಿ ತಿಕ್ಕುವುದು ವ್ಯರ್ಥ, ಕೆಲವುಗಳಲ್ಲಿ ಪ್ರಾಣಾಪಾಯಕರ.

ಮೊದಲನೆಯದು ಹುಚ್ಚುನಾಯಿ ರೋಗ. ಈ ರೋಗದಲ್ಲಿ ನಾಯಿಯು ಯಾವಾಗಲೂ ಕಚ್ಚಲು ಓಡಿಬರುವುದೆಂದು ತಿಳಿಯುವುದು ತಪ್ಪು. ಇದರ ಮೂಕ ಪ್ರಕಾರದಲ್ಲಿ ನಾಯಿಯ ದವಡೆಯು ಜೋತುಬೀಳುವುದು, ಜೊಲ್ಲು ಸುರಿಯುವುದು, ಧ್ವನಿಯು ಬದಲಾಗುವುದು, ಹಿಂಗಾಲುಗಳು ಸೋಲುವುವು. ಗಂಟಲಿನಲ್ಲಿ ಎಲುಬು ಸಿಕ್ಕಿರಬಹುದೆಂದು ಬಾಯಿಯೊಳಗೆ ಕೈಹಾಕಿದವರೂ, ಸೊಂಟ ಬಿದ್ದಿದೆಯೆಂದು ಎತ್ತಿ ಕೂಡ್ರಿಸಿದವರೂ ಜೊಲ್ಲಿನಿಂದ ಅಪಾಯಕ್ಕೀಡಾಗುವರು. ಪೆಟ್ಟು ಬಿದ್ದುದು ಕಣ್ಣಾರೆ ಕಂಡಿರದೆ ಒಮ್ಮೆಲೆ ಕಾಲು ಸೋತ ನಾಯಿಯನ್ನು ಮುಟ್ಟದೆ ಪಶುವೈದ್ಯರಿಗೆ ತಿಳಿಸತಕ್ಕದ್ದು. ಈ ರೋಗದ ಚಿಹ್ನೆಗಳು ತೋರಿದ ನಾಯಿಯು ಸಾಧಾರಣವಾಗಿ 10 ದಿನಗಳೊಳಗೆ ಸಾಯುವುದು. ಕಚ್ಚಿಸಿಕೊಂಡವರೂ ಗಾಯಕ್ಕೆ ಜೊಲ್ಲು ತಗಲಿದವರೂ ಕೂಡಲೆ 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದುಕೊಂಡು, ಅದೇ ದಿನ ಸರಕಾರಿ ದವಾಖಾನೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳತಕ್ಕದ್ದು. ಚಿಹ್ನೆಗಳು ಮನುಷ್ಯನಲ್ಲಿ ತೋರಿದ ಮೇಲೆ ಉಪಾಯವಿಲ್ಲ.

ಎರಡನೆಯದು ಚಪ್ಪೆ ರೋಗ. ಆರು ತಿಂಗಳಿನಿಂದ ಎರಡು ವರುಷದೊಳಗಿನ ಪುಷ್ಟವಾದ ಕರುಗಳು ಮಳೆಗಾಲದಲ್ಲಿ ಒಮ್ಮೆಲೆ ಜ್ವರದೊಡನೆ ಕುಂಟಿ, ತೊಡೆಯ ಅಥವಾ ಹೆಗಲ ಬಾವು ಒತ್ತಿದಾಗ ಚರಚರ ಶಬ್ದ ಮಾಡಿದರೆ ಅದು ಉಳುಕಲ್ಲ. ಕಾವು ಕೊಡುವುದರಲ್ಲಿ ಕಳೆದ ಒಂದೊಂದು ಗಳಿಗೆಯೂ ಕರುವಿನ ಆಯುಷ್ಯವನ್ನು ಕಳೆಯುವುದು. ಇದಕ್ಕೆ ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕಿಸುವುದೇ ಮಾರ್ಗ. ಕಾಲುಬಾಯಿ ಬೇನೆಯಲ್ಲಿಯೂ ದನಗಳು ಕುಂಟುವುವು; ಆಗ ಗೊರಸಿನ ಸಂದಿನಲ್ಲಿಯೂ ಬಾಯಿಯಲ್ಲಿಯೂ ಹುಣ್ಣುಗಳು ಕಾಣುವುದರಿಂದ ಗುರುತಿಸುವುದು ಕಠಿಣವಲ್ಲ.

ಮೂರನೆಯದು ಮೂಳೆಯ ಮುರಿತ. ಕಾಲು ಜೋತಾಡುತ್ತಿದ್ದರೆ ಅಥವಾ ಇಲ್ಲದ ಕಡೆಯಲ್ಲಿ ಬಾಗುತ್ತಿದ್ದರೆ ಎಳೆದು ಸರಿಪಡಿಸಲು ಹೋಗದೆ, ಹಲಗೆಯ ಮೇಲೋ ಬಿಗಿದು ಹಿಡಿದ ಕಂಬಳಿಯ ಮೇಲೋ ಮಲಗಿಸಿ ದನಗಳ ದವಾಖಾನೆಗೆ ಸಾಗಿಸಬೇಕು. ನೋವಿನಲ್ಲಿರುವ ನಾಯಿಯು ಒಡೆಯನನ್ನೂ ಕಚ್ಚುವುದರಿಂದ ಮೊದಲು ಬಾಯಿಗೆ ಅರಿವೆಯ ಪಟ್ಟಿಯನ್ನು ಸುತ್ತತಕ್ಕದ್ದು. ಆದರೆ ಉಸಿರಾಟ ಕಷ್ಟವಾಗಿದ್ದರೆ ಅಥವಾ ವಾಂತಿಯಾಗುತ್ತಿದ್ದರೆ ಸುತ್ತಲಾಗದು.

3. ಬರೆ ಹಾಕುವುದರ ದೋಷ

ಕುಂಟುವ ಎತ್ತಿಗೆ ಕಾಯಿಸಿದ ಕಬ್ಬಿಣದಿಂದ ಬರೆ ಹಾಕುವ ರೂಢಿಯು ಪೂರ್ವಕಾಲದಿಂದ ಬಂದಿದೆ. ಬರೆ ಹಾಕಿದ ಮೇಲೆ ಎತ್ತು ಗುಣವಾದುದುಂಟೆಂದು ಹೇಳುವವರಿದ್ದಾರೆ. ಆದರೆ ಬರೆಯ ಹುಣ್ಣಿನಿಂದಾಗಿ ಆ ಎತ್ತಿಗೆ ಕೆಲವು ವಾರಗಳ ವಿಶ್ರಾಂತಿ ಸಿಕ್ಕುವುದನ್ನು ಅವರು ಲೆಕ್ಕಕ್ಕೆ ತರುವುದಿಲ್ಲ. ಉಳುಕನ್ನು ಗುಣಪಡಿಸಿದುದು ವಿಶ್ರಾಂತಿ. ಬರೆಯು ಕೊಟ್ಟುದು ಹುಣ್ಣು, ನೊಣ, ಹುಳು ಮತ್ತು ಚರ್ಮದ ನಷ್ಟ. ಬರೆಯಿಲ್ಲದೆ ಅದೇ ವಿಶ್ರಾಂತಿಯನ್ನು ಕೊಟ್ಟರೆ ಫಲವು ಉತ್ತಮವಾಗುವುದು. ಹುಣ್ಣು, ಗಾಯ, ಕುಂಟುತನಗಳಿಂದ ಕೆಲಸಕ್ಕೆ ಅಯೋಗ್ಯವಾದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯ ಮೇರೆಗೆ ಅಪರಾಧವೆಂಬುದನ್ನೂ ಊರ ಹಿರಿಯರು ಎಲ್ಲರಿಗೂ ತಿಳಿಸಬೇಕು.

ಮನುಷ್ಯರ ನೋವಿನ ಗುಳಿಗೆಗಳನ್ನು ಪ್ರಾಣಿಗಳಿಗೆ ಕೊಡುವುದೂ ಇಂಥದೇ ತಪ್ಪು. ಪ್ಯಾರಾಸಿಟಮಾಲ್ ಒಂದೇ ಗುಳಿಗೆಯು ಬೆಕ್ಕನ್ನು ಕೊಲ್ಲಬಲ್ಲದು. ಐಬುಪ್ರೊಫೆನ್ ನಾಯಿಯ ಜಠರದಲ್ಲಿ ಹುಣ್ಣನ್ನೂ ಮೂತ್ರಪಿಂಡಗಳಿಗೆ ಕೇಡನ್ನೂ ಉಂಟುಮಾಡುವುದು. ಡೈಕ್ಲೋಫೆನ್ಯಾಕ್ ಕೊಟ್ಟ ದನವು ಸತ್ತರೆ ಅದನ್ನು ತಿಂದ ರಣಹದ್ದುಗಳು ಸಾಯುವುದು ಸಿದ್ಧವಾದುದರಿಂದ 2006ರಲ್ಲಿ ಭಾರತ ಸರಕಾರವು ಪ್ರಾಣಿಗಳಿಗೆ ಅದರ ಉಪಯೋಗವನ್ನು ನಿಷೇಧಿಸಿತು. ಆದುದರಿಂದ ನೋವಿನ ಔಷಧವನ್ನು ಪಶುವೈದ್ಯರ ಮಾತಿನ ಮೇರೆಗೇ ಕೊಡತಕ್ಕದ್ದು.

4. ತಂಪು ಮತ್ತು ಕಾವು

ಪೆಟ್ಟು ಬಿದ್ದ ಮೊದಲ ಮೂರು ದಿನಗಳಲ್ಲಿ ತಂಪೇ ಹಿತ. ತಂಪಿನಿಂದ ರಕ್ತನಾಳಗಳು ಕುಗ್ಗಿ ಬಾವು ಏರುವುದು ನಿಲ್ಲುವುದು, ನೋವೂ ತಗ್ಗುವುದು. ಬರ್ಫವು ಸಿಕ್ಕಿದರೆ ಅರಿವೆಯಲ್ಲಿ ಸುತ್ತಿ, ಇಲ್ಲವಾದರೆ ಮಡಕೆಯ ತಣ್ಣೀರಿನಲ್ಲಿ ನೆನೆಸಿದ ದಪ್ಪ ಅರಿವೆಯನ್ನು ಮೇಲಿಂದ ಮೇಲೆ ಬದಲಿಸುತ್ತ, ಪ್ರತಿಸಲ 10ರಿಂದ 15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಇಡಬೇಕು. ಬರ್ಫವನ್ನು ಬರಿಯ ಚರ್ಮದ ಮೇಲೆ ಇಡಲಾಗದು.

ಬಾವಿನ ಬಿಸಿ ಇಳಿದ ಮೇಲೆ ಕಾವನ್ನು ಕೊಡಬಹುದು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಅರಿವೆಯನ್ನು ಮೊದಲು ತನ್ನ ಮುಂಗೈಯ ಒಳಮೈಗೆ ಮುಟ್ಟಿಸಿ, ಸಹ್ಯವಾದರೆ ಮಾತ್ರ ಪ್ರಾಣಿಯ ಮೇಲೆ 10 ನಿಮಿಷ ಇಡುವುದು. ಕಾವಿನಿಂದ ರಕ್ತಸಂಚಾರವು ಹೆಚ್ಚಿ ಬಿಗಿದ ಸ್ನಾಯುಗಳು ಸಡಿಲುವುದರಿಂದ ಕೀಲು ಆಡಿಸುವ ಮುಂಚೆ ಇದು ಯೋಗ್ಯ. ಹೊಸ ಬಾವಿಗೂ ಕೀವುಗಟ್ಟಿದ ಗಾಯಕ್ಕೂ ಸ್ಪರ್ಶಜ್ಞಾನ ತಪ್ಪಿದ ಅಂಗಕ್ಕೂ ಕಾವು ಕೊಡಬಾರದು. ಸ್ಪರ್ಶವರಿಯದ ಪ್ರಾಣಿಯು ಸುಟ್ಟರೂ ಕಾಲೆಳೆದುಕೊಳ್ಳಲಾರದು.

5. ತಿಕ್ಕುವುದು ಮತ್ತು ಕೀಲು ಆಡಿಸುವುದು

ಮುರಿತಕ್ಕೆ ಕಟ್ಟು ಹಾಕಿದ್ದರೆ ಪಶುವೈದ್ಯರು ಕಟ್ಟು ಬಿಚ್ಚಿ ಅಪ್ಪಣೆ ಕೊಟ್ಟ ಮೇಲೆಯೇ ಈ ಕ್ರಮವನ್ನಾರಂಭಿಸುವುದು. ಮರಿಯ ಮೂಳೆಯು ಸುಮಾರು ಒಂದು ತಿಂಗಳಲ್ಲಿ ಕೂಡಬಹುದು. ಬೆಳೆದ ನಾಯಿಗೆ ಎರಡರಿಂದ ಮೂರು ತಿಂಗಳು ಹಿಡಿಯುವುದು. ಕಟ್ಟಿನ ಕೆಳಗಿನ ಬೆರಳುಗಳು ಊದಿದರೆ, ತಣ್ಣಗಾದರೆ, ದುರ್ಗಂಧ ಬಂದರೆ ಅಥವಾ ಕಟ್ಟು ನೆನೆದರೆ ಅದೇ ದಿನ ತೋರಿಸಬೇಕು.

ನಾಯಿಯನ್ನು ನೊಂದ ಕಾಲು ಮೇಲಾಗುವಂತೆ ಕಂಬಳಿಯ ಮೇಲೆ ಮಲಗಿಸಿ, ಪಂಜದಿಂದ ತೊಡೆಯ ಕಡೆಗೆ, ಅಂದರೆ ಹೃದಯದ ದಿಕ್ಕಿಗೆ, ಅಂಗೈಯಿಂದ ಮೆಲ್ಲನೆ ಐದು ನಿಮಿಷ ನೀವಬೇಕು. ತರುವಾಯ ಒಂದು ಕೈಯಿಂದ ಕೀಲಿನ ಮೇಲ್ಭಾಗವನ್ನು ಆಧರಿಸಿ, ಇನ್ನೊಂದರಿಂದ ಕೆಳಭಾಗವನ್ನು ಹಿಡಿದು, ಕೀಲನ್ನು ನಿಧಾನವಾಗಿ ಮಡಿಚಿ ನಿಧಾನವಾಗಿ ಚಾಚಬೇಕು. ಬೆರಳುಗಳಿಂದ ತೊಡಗಿ ಒಂದೊಂದೇ ಕೀಲನ್ನು ಪ್ರತ್ಯೇಕವಾಗಿ 10ರಿಂದ 15 ಸಾರೆ, ದಿನಕ್ಕೆ ಎರಡು ಮೂರು ಹೊತ್ತು ಆಡಿಸುವುದು. ಎಷ್ಟು ಮಡಿಚಬೇಕೆಂಬುದಕ್ಕೆ ಆರೋಗ್ಯವಾದ ಎದುರು ಕಾಲೇ ಅಳತೆ. ನಾಯಿಯು ತಲೆ ತಿರುಗಿಸಿ ನೋಡಿದರೆ ಅಥವಾ ಮೈ ಬಿಗಿಹಿಡಿದರೆ ಅಲ್ಲಿಗೇ ನಿಲ್ಲಿಸಬೇಕು, ಗುರುಗುಟ್ಟುವವರೆಗೆ ಕಾಯಬಾರದು. ಬಲಾತ್ಕಾರದಿಂದ ಚಾಚಿದ ಕೀಲು ಮರುದಿನ ಮತ್ತೆ ಊದುವುದು.

6. ನಡೆಯಿಸುವ ಕ್ರಮ

ಇಲ್ಲಿ ಮುಖ್ಯವಾಗಿ ನೆನಪಿಡತಕ್ಕ ಸಂಗತಿ ಒಂದು. ಓಡುವ ನಾಯಿಯು ನೊಂದ ಕಾಲನ್ನು ಎತ್ತಿಕೊಂಡು ಮೂರು ಕಾಲಿನಿಂದ ಓಡಬಲ್ಲದು. ಬಹು ನಿಧಾನವಾಗಿ ನಡೆಯುವ ನಾಯಿಯು ಒಂದೊಂದೇ ಕಾಲನ್ನು ಕ್ರಮವಾಗಿ ಊರುವುದು. ಆದುದರಿಂದ ನಾಯಿಯನ್ನು ಬಿಟ್ಟು ಓಡಿಸಿದರೆ ಕಾಲು ಬರುವುದೆಂಬ ತಿಳಿವಳಿಕೆಯು ವಿಪರೀತವಾದುದು. ಕೊರಳಿಗೆ ಹಗ್ಗ ಹಾಕಿ, ದೇವರ ಪ್ರದಕ್ಷಿಣೆಯ ನಡಿಗೆಯಂತೆ ಮೆಲ್ಲಗೆ, ಕಲ್ಲುಮುಳ್ಳಿಲ್ಲದ ಮಸಾರಿ ದಾರಿಯಲ್ಲಿ ನಡೆಯಿಸಬೇಕು.

ಅಪ್ಪಣೆ ದೊರೆತ ಮೇಲೆ ಅನುಸರಿಸತಕ್ಕ ಒಂದು ಮಾದರಿ ಕ್ರಮವು ಹೀಗಿದೆ:

ಮೊದಲನೆಯ ವಾರ: ಕೀಲು ಆಡಿಸುವುದು, ಹೊಟ್ಟೆಯ ಕೆಳಗೆ ಮಡಿಚಿದ ಗೋಣಿತಟ್ಟನ್ನು ಹಾಯಿಸಿ, ಎರಡು ತುದಿಗಳನ್ನು ಮೇಲೆ ಹಿಡಿದು, ಐದು ನಿಮಿಷ ನಿಲ್ಲಿಸುವುದು, ದಿನಕ್ಕೆ ಮೂರು ಸಲ. ಗಂಡುನಾಯಿಗೆ ಮೂತ್ರದ ದಾರಿ ಒತ್ತದಂತೆ ತಟ್ಟನ್ನು ಇಡಬೇಕು.

ಎರಡನೆಯ ವಾರ: ಹಗ್ಗದಲ್ಲಿ ಐದು ನಿಮಿಷದ ನಿಧಾನ ನಡಿಗೆ, ದಿನಕ್ಕೆ ಮೂರು ಸಲ.

ಮೂರನೆಯ, ನಾಲ್ಕನೆಯ ವಾರ: ಹತ್ತರಿಂದ ಹದಿನೈದು ನಿಮಿಷದ ನಡಿಗೆ, ನೆಲದ ಮೇಲೆ ನಾಯಿಯ ಒಂದೊಂದು ಹೆಜ್ಜೆಯ ಅಂತರಕ್ಕೆ ಐದಾರು ಬಿದಿರ ಗಳುಗಳನ್ನು ಅಡ್ಡಲಾಗಿ ಇಟ್ಟು ದಾಟಿಸುವುದು. ಪ್ರತಿಯೊಂದು ಗಳುವಿಗೂ ಕಾಲನ್ನು ಎತ್ತಿ ಊರಬೇಕಾಗುವುದರಿಂದ ಕೀಲುಗಳು ತಾವಾಗಿಯೇ ಮಡಿಯುವುವು.

ಐದನೆಯ, ಆರನೆಯ ವಾರ: ಇಪ್ಪತ್ತು ನಿಮಿಷದ ನಡಿಗೆ, ಅದರಲ್ಲಿ ಸ್ವಲ್ಪ ಭಾಗ ಏರುದಾರಿ. ಏರು ಹತ್ತುವಾಗ ಭಾರವು ಹಿಂಗಾಲುಗಳಿಗೆ ಸರಿಯುವುದರಿಂದ ಹಿಂದಿನ ತೊಡೆಗಳು ಬಲಿಯುವುವು. ಕುಳ್ಳಿರಿಸಿ ಎಬ್ಬಿಸುವುದನ್ನು ಹತ್ತು ಸಾರೆ ಮಾಡಿಸುವುದೂ ಉತ್ತಮ.

ಮರುದಿನ ಕುಂಟುವಿಕೆ ಹೆಚ್ಚಿದರೆ ಹಿಂದಿನ ವಾರದ ಪ್ರಮಾಣಕ್ಕೆ ಮರಳಬೇಕು. ಎರಡೂ ತೊಡೆಗಳನ್ನು ಒಂದೇ ಎತ್ತರದಲ್ಲಿ ದಾರದಿಂದ ಸುತ್ತಿ ಅಳೆದು, ವಾರಕ್ಕೊಮ್ಮೆ ಬರೆದಿಟ್ಟರೆ ಗುಣವು ಕಣ್ಣಿಗೆ ಕಾಣುವುದು. ಪಶುವೈದ್ಯರು ಹೇಳುವವರೆಗೆ ಹಿಂಡಿನ ಹಿಂದೆ ಬಿಡಬಾರದು. ಒಂದು ರಾತ್ರಿಯ ಕಾವಲಿನ ಅವಸರದಿಂದ ಎರಡು ತಿಂಗಳ ಶ್ರಮವು ಹಾಳಾಗುವುದು.

7. ನೀರಿನಲ್ಲಿ ನಡೆಯಿಸುವುದು

ದೀಪಾವಳಿಯ ಹೊತ್ತಿನ ಹೋರಿ ಬೆದರಿಸುವ ಆಟಕ್ಕಾಗಿ ಹೋರಿಗಳನ್ನು ಸಾಕುವವರು ಅವುಗಳನ್ನು ಕೆರೆಯಲ್ಲಿ ಈಜಾಡಿಸುವುದುಂಟು. ನೀರು ಶರೀರವನ್ನು ಎತ್ತಿಹಿಡಿಯುವುದರಿಂದ ಕೀಲಿಗೆ ಭಾರವು ತಗ್ಗುವುದು. ಅದೇ ನೀರು ಚಲನೆಯನ್ನು ತಡೆಯುವುದರಿಂದ ಸ್ನಾಯುವಿಗೆ ಕೆಲಸವು ಹೆಚ್ಚುವುದು. ನಾಯಿಗಳ ಮೇಲೆ ನಡೆದ ಪರೀಕ್ಷೆಗಳಲ್ಲಿ, ನೀರು ಹಿಂಗಾಲಿನ ಹಿಮ್ಮಡಿಯವರೆಗಿದ್ದಾಗ ಕಾಲುಗಳು ಶರೀರಭಾರದ 100ಕ್ಕೆ 91 ಪಾಲನ್ನೂ, ಮೊಣಕಾಲಿನವರೆಗಿದ್ದಾಗ 85 ಪಾಲನ್ನೂ, ಚಪ್ಪೆಯ ಕೀಲಿನವರೆಗಿದ್ದಾಗ 38 ಪಾಲನ್ನೂ ಮಾತ್ರ ಹೊರುವುವೆಂದು ಕಂಡುಬಂದಿದೆ. ಅಂದರೆ 20 ಕಿಲೋ ತೂಗುವ ನಾಯಿಯು ಚಪ್ಪೆಯ ಮಟ್ಟದ ನೀರಿನಲ್ಲಿ ಏಳೂವರೆ ಕಿಲೋದಷ್ಟು ಭಾರವನ್ನೇ ಹೊತ್ತಂತಾಯಿತು. ಮೊಣಕಾಲಿಗಿಂತ ಕಡಿಮೆ ನೀರಿನಿಂದ ವಿಶೇಷ ಪ್ರಯೋಜನವಿಲ್ಲವೆಂಬುದೂ ಇದರಿಂದಲೇ ತಿಳಿಯುವುದು.

ಗಟ್ಟಿ ತಳವೂ ನಿಂತ ನೀರೂ ಇರುವ ಕೆರೆಯಂಚನ್ನು ಆರಿಸಿಕೊಂಡು, ಒಬ್ಬನು ನೀರಿನಲ್ಲಿ ಜೊತೆಗೆ ನಡೆಯುತ್ತ, ಮೊದಲು ಮೂರು ನಿಮಿಷ, ಕ್ರಮೇಣ ಹತ್ತು ನಿಮಿಷದವರೆಗೆ ನಡೆಯಿಸಬೇಕು. ಹೊಲಿಗೆ ಬಿಚ್ಚಿ ಗಾಯ ಪೂರ್ಣ ಒಣಗುವವರೆಗೆ ನೀರಿಗಿಳಿಸಬಾರದು. ವರದಾ, ತುಂಗಭದ್ರೆಗಳ ಹರಿವಿಗೆ ಈ ಉದ್ದೇಶದಿಂದ ಯಾವ ಪ್ರಾಣಿಯನ್ನೂ ಒಯ್ಯಲಾಗದು. ಹೊರಬಂದ ಮೇಲೆ ಮೈಯನ್ನು ಒರಸಿ ಬಿಸಿಲಿನಲ್ಲಿ ಆರಿಸತಕ್ಕದ್ದು.

8. ಬೆನ್ನುಹುರಿ ನೊಂದ ನಾಯಿ

ವಾಹನದ ಪೆಟ್ಟಿನಿಂದ ಸೊಂಟವೇ ಸೋತ ನಾಯಿಯ ವಿಷಯದಲ್ಲಿ ಆಶೆಯಿದೆಯೋ ಇಲ್ಲವೋ ಎಂಬುದನ್ನು ಪಶುವೈದ್ಯರು ಹಿಂಗಾಲಿನ ಬೆರಳನ್ನು ಗಟ್ಟಿಯಾಗಿ ಒತ್ತಿ ನೋಡಿ ನಿರ್ಣಯಿಸುವರು. ಕಾಲನ್ನು ಎಳೆದುಕೊಂಡ ಮಾತ್ರಕ್ಕೆ ನೋವು ತಿಳಿಯಿತೆಂದು ಹೇಳಲಾಗದು. ಅದು ಹುರಿಯ ಕೆಳಭಾಗದ ಸ್ವಯಂಕ್ರಿಯೆ. ನಾಯಿಯು ತಿರುಗಿ ನೋಡಿದರೆ ಅಥವಾ ಕೂಗಿದರೆ ನೋವು ಮೆದುಳಿಗೆ ಮುಟ್ಟಿತೆಂದು ಅರ್ಥ. ಅಂಥದಕ್ಕೆ ಗುಣದ ಸಂಭವವು ಹೆಚ್ಚು. ಪೆಟ್ಟಿನಿಂದ ನೋವಿನ ಅರಿವು ಪೂರ್ಣ ತಪ್ಪಿದ್ದರೆ ಮರಳಿ ನಡೆಯುವ ಸಂಭವವು ಬಹಳ ಅಲ್ಪ.

ಈ ನಾಯಿಗೆ ಜೋಳದ ಸೊಪ್ಪೆಯ ಮೇಲೆ ಗೋಣಿ ಹಾಸಿದ ಮೆತ್ತನೆಯ ಹಾಸಿಗೆ ಬೇಕು. ಎರಡರಿಂದ ನಾಲ್ಕು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಎಲುಬಿನ ಮೇಲಿನ ಚರ್ಮವು ಸತ್ತು ಹುಣ್ಣಾಗುವುದು; ಮುಧೋಳ ನಾಯಿಯಂಥ ತೆಳುಮೈಯ ಜಾತಿಗೆ ಇದು ಇನ್ನೂ ಬೇಗ. ಮೂತ್ರಕೋಶವು ತುಂಬಿಯೂ ಬರಿದಾಗದಿರಬಹುದು. ಅದನ್ನು ಒತ್ತಿ ಬರಿದುಮಾಡುವ ರೀತಿಯನ್ನು ಪಶುವೈದ್ಯರಿಂದ ಕಣ್ಣಾರೆ ನೋಡಿ ಕಲಿಯಬೇಕು. ಮುಂಗಾಲು ಗಟ್ಟಿಯಿದ್ದು ಹಿಂಗಾಲು ಬಾರದ ನಾಯಿಗೆ ಎರಡು ಗಾಲಿಯ ಹಗುರವಾದ ಬಂಡಿಯನ್ನು ಊರ ಬಡಿಗನೇ ಅಳತೆ ತೆಗೆದುಕೊಂಡು ಮಾಡಿಕೊಡಬಹುದು. ಅದನ್ನು ದಿನದಲ್ಲಿ ಸ್ವಲ್ಪ ಹೊತ್ತು ಮಾತ್ರ ಕಟ್ಟಿ, ಬಿಚ್ಚಿದಾಗ ಚರ್ಮವನ್ನು ನೋಡತಕ್ಕದ್ದು. ಗುಣದ ಆಶೆಯಿಲ್ಲದೆ ಹುಣ್ಣಿನಿಂದ ನರಳುವ ಪ್ರಾಣಿಯ ವಿಷಯದಲ್ಲಿ ಪಶುವೈದ್ಯರ ಸಲಹೆಯನ್ನು ಕೇಳುವುದೂ ದಯೆಯೇ. ಬೀದಿಗೆ ಬಿಡುವುದು ದಯೆಯಲ್ಲ.

9. ಎತ್ತು ಆಕಳುಗಳ ವಿಷಯ

ಲಾಳ ಕಟ್ಟುವುದಕ್ಕಾಗಿ ಎತ್ತನ್ನು ಗಟ್ಟಿ ನೆಲದ ಮೇಲೆ ಕೆಡವಿದಾಗ ಮುಂಗಾಲಿನ ನರವು ಅದುಮಿ, ಎದ್ದ ಮೇಲೆ ಮೊಣಕೈ ಇಳಿಬಿದ್ದು ಗೊರಸು ಎಳೆಯುವುದುಂಟು. ಹೊಟ್ಟು ಅಥವಾ ಹುಲ್ಲನ್ನು ದಪ್ಪವಾಗಿ ಹಾಸಿ ಕೆಡವಿ, ಬೇಗ ಕೆಲಸ ಮುಗಿಸಿದರೆ ಇದು ತಪ್ಪುವುದು. ಆದ ಮೇಲೆ ನೊಗಕ್ಕೆ ಕಟ್ಟದೆ, ಕಾಲನ್ನು ನೀವಿ, ಮುಂದಕ್ಕೆ ಚಾಚಿ ಆಡಿಸಿ, ಎಳೆಯುವ ಗೊರಸಿಗೆ ಗೋಣಿ ಸುತ್ತಿ ಕಾಪಾಡಿದರೆ ನರವು ಹರಿಯದಿದ್ದ ಎತ್ತುಗಳು ಬಹುಮಟ್ಟಿಗೆ ಕೆಲವು ದಿನಗಳಲ್ಲಿ ಇಲ್ಲವೆ ವಾರಗಳಲ್ಲಿ ಚೇತರಿಸಿಕೊಳ್ಳುವುವು.

ಕೆಲವು ದನಗಳ ಹಿಂಗಾಲು ನಡೆಯುವಾಗ ಹಿಂದಕ್ಕೆ ಸೆಟೆದು ನಿಂತು, ಒಮ್ಮೆಲೆ ಝಟಕಿಸಿ ಮುಂದೆ ಬರುವುದು. ಮೊಣಕಾಲಿನ ಚಿಪ್ಪು ಮೇಲೆ ಸಿಕ್ಕಿಕೊಳ್ಳುವುದೇ ಇದರ ಕಾರಣ. ಇದಕ್ಕೆ ತಿಕ್ಕುವುದೂ ಬರೆಯೂ ನಿರರ್ಥಕ. ಪಶುವೈದ್ಯರು ಚಿಪ್ಪಿನ ಒಳಮಗ್ಗುಲಿನ ಕಟ್ಟನ್ನು ಕತ್ತರಿಸಿದರೆ ಸಾಧಾರಣವಾಗಿ ಅಂದೇ ಕಾಲು ಸರಿಯಾಗುವುದು.

ಕರು ಹಾಕಿದ ಆಕಳು ಏಳದೆ ಮಲಗಿದರೆ ಅದೇ ತಾಸಿನಲ್ಲಿ ಪಶುವೈದ್ಯರನ್ನು ಕರೆಯಿಸಬೇಕು. ದೊಡ್ಡ ದನದ ಭಾರವು ಕೆಳಗಿನ ತೊಡೆಯ ಸ್ನಾಯುವನ್ನೂ ನರವನ್ನೂ ಅದುಮುವುದರಿಂದ, ಸುಣ್ಣಾಂಶದ ಕೊರತೆಯು ಚುಚ್ಚುಮದ್ದಿನಿಂದ ಸರಿಹೋದರೂ, ತಡವಾದ ಆಕಳು ಏಳಲಾರದೆ ಹೋಗುವುದು. ವೈದ್ಯರು ಬರುವವರೆಗೆ ದಪ್ಪ ಹಾಸಿನ ಮೇಲೆ ಎದೆಯೂರಿ ಕೂಡ್ರಿಸಿ, ಮೂರು ನಾಲ್ಕು ತಾಸಿಗೊಮ್ಮೆ ಮಗ್ಗುಲು ಬದಲಿಸುತ್ತಿರಬೇಕು. ಬಾಲ ಹಿಡಿದು ಎತ್ತುವುದು, ಹೊಡೆದು ಎಬ್ಬಿಸುವುದು ಕೇವಲ ಹಾನಿಕರ.

10. ಊರ ಹಿರಿಯರು ಮಾಡತಕ್ಕ ಕೆಲಸ

ಒಂಟಿ ಒಕ್ಕಲಿಗನಿಗೆ ಕಠಿಣವಾದುದು ಊರಿಗೆ ಸುಲಭ. ಬಿದ್ದ ದನವನ್ನು ಎತ್ತಿ ನಿಲ್ಲಿಸುವ ಅಗಲವಾದ ಪಟ್ಟಿಗಳೂ ಮೂರು ಗಟ್ಟಿ ತೊಲೆಗಳೂ ಪ್ರತಿಯೊಂದು ಊರಿನಲ್ಲಿ ಒಂದು ಜೊತೆ ಇರತಕ್ಕದ್ದು. ಮೂರು ತಿಂಗಳು ತುಂಬಿದ ಎಲ್ಲ ನಾಯಿಗಳಿಗೂ ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಿ ವರುಷಕ್ಕೊಮ್ಮೆ ಮರಳಿ ಹಾಕಿಸುವ ದಿನವನ್ನು ಗೊತ್ತುಮಾಡಿ ಡಂಗುರ ಸಾರಿಸಬೇಕು. ಹಿಂಡು ನಿಲ್ಲಿಸಲು ಬಂದ ಕುರಿಗಾರರ ನಾಯಿಗಳನ್ನೂ ಅದರಲ್ಲಿ ಸೇರಿಸಬೇಕು. ಪಶುವೈದ್ಯ ಸಹಾಯದ 1962 ಎಂಬ ದೂರವಾಣಿ ಸಂಖ್ಯೆಯನ್ನು ಚಾವಡಿಯ ಗೋಡೆಯ ಮೇಲೆ ಬರೆಯಿಸಬೇಕು. ತಾಲೂಕಿನ ದವಾಖಾನೆಯಲ್ಲಿ ಆಗದ ಶಸ್ತ್ರಚಿಕಿತ್ಸೆಗೆ ಪಶುವೈದ್ಯರ ಚೀಟಿಯನ್ನು ತೆಗೆದುಕೊಂಡು, ಶಿವಮೊಗ್ಗ ಅಥವಾ ಗದಗಿನ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಬಹುದು.

ಉಪಚಾರಕ್ಕೆ ಬೇಕಾದ ಸಾಮಾನುಗಳೆಂದರೆ ಅರಿವೆ, ಗೋಣಿತಟ್ಟು, ಹಗ್ಗ, ಐದಾರು ಬಿದಿರ ಗಳು, ಕೆರೆಯ ನೀರು; ಬೇಕಾದ ಹೊತ್ತು ದಿನಕ್ಕೆ ಒಂದು ತಾಸು. ಶಾಲೆಯಿಂದ ಬಂದ ಹುಡುಗರಿಗೆ ಹಿರಿಯರ ಕಣ್ಣೆದುರಿಗೆ ನಡೆಯಿಸುವ ಕೆಲಸವನ್ನು ಒಪ್ಪಿಸಿದರೆ ಆ ಹೊತ್ತೂ ಒಕ್ಕಲುತನಕ್ಕೆ ಭಾರವಾಗದು. ಮುಂದಿನ ಸುಗ್ಗಿಗೆ ಹಿಂಡು ಹೊಲಕ್ಕೆ ಬರುವಷ್ಟರಲ್ಲಿ ಈ ವರುಷ ಕುಂಟಾದ ನಾಯಿಯು ಕಾವಲಿಗೆ ಸಿದ್ಧವಾಗಬೇಕಾದರೆ, ಪಶುವೈದ್ಯರ ಅಪ್ಪಣೆ ದೊರೆತ ದಿನದಿಂದಲೇ ಸಾಧನೆಯನ್ನಾರಂಭಿಸತಕ್ಕದ್ದು.